ಎಡಬಲವಿಲ್ಲದ ಶೂ

ಏನಯ್ಯಾ,

ಇಲ್ಲಿ ಲಂಡನ್ನಿನಲ್ಲಿ ಎಲ್ಲರೂ ಕ್ಷೇಮ. ನೀನೂ ಕ್ಷೇಮವೆಂದು ಹಲಸಿನ ಹಣ್ಣಿನ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೋ ನೋಡಿ ತಿಳಿದುಕೊಂಡೆ. ಹಣ್ಣು ಯಾವುದು ಎಂದು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ನಿನಗೆ ಪತ್ರ ಬರೆಯದೆ ವರ್ಷಗಳೇ ಆದವು. ಬರೆಯುವ ಮನಸ್ಸಾದಾಗಲೂ ಅದನ್ನು ನಾಲ್ಕು ಜನರೆದುರು ಗಟ್ಟಿಯಾಗಿ ಓದಬೇಕೆನ್ನುವ ನನ್ನ ಚಟ ನಿನಗೆ ಗೊತ್ತಿರುವುದೇ. ವಾರ್ಷಿಕೋತ್ಸವ, ಮೈಕು, ಹೆಡ್ಮಾಸ್ಟರರ ಶಾಲು. ಇಷ್ಟೇ ಸಾಕು. ಉಳಿದ ಓದುಗರು ಕ್ಷಮಿಸಬೇಕು, ವಿವರಿಸಿದರೆ ಇಬ್ಬರ ಮರ್ಯಾದೆಯೂ ಹೋಗುತ್ತದೆ.

ಸುದ್ದಿ ಏನೆಂದರೆ, ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಪಾಯಿಂಟ್ ಶೂ ಕೊಂಡಿದ್ದೇನೆ. ಬ್ಯಾಲೆ ಕುಣಿಯುವವರು ಕಾಲ್ಬೆರಳ ತುದಿಯ ಮೇಲೆ ನಿಲ್ಲುತ್ತಾರಲ್ಲ, ಆ ಶೂ. ಮೂರು ವರ್ಷದಿಂದ ಗುರುವಾರ ಸಂಜೆ ಬ್ಯಾಲೆ ತರಗತಿಗೆ ಹೋಗುತ್ತಿದ್ದೇನೆ. ವಾರಕ್ಕೊಮ್ಮೆ ಬಾರ್ ಹಿಡಿದು ನಿಲ್ಲುತ್ತೇನೆ ಎಂದಾಗ ಅಮ್ಮ ಗಾಬರಿಯಾಗಿದ್ದಳು, ಅದು ಗೋಡೆಗೆ ಹಾಕಿದ ಮರದ ಕಂಬಿ ಎಂದು ತಿಳಿಸಿ ಹೇಳಬೇಕಾಯಿತು. ಕಳೆದ ತಿಂಗಳು ಟೀಚರು ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತಿಸಿ ಇಳಿಸಿ, ಎತ್ತಿಸಿ ಇಳಿಸಿ, ಕೊನೆಗೆ ಕಣಕಾಲನ್ನು ಒತ್ತಿ ನೋಡಿ, ಹೋಗಿ ಅಳತೆ ಕೊಟ್ಟು ಬಾ ಎಂದರು. ಅವರ ಅಪ್ಪಣೆಯಿಲ್ಲದೆ ಈ ಶೂ ಕೊಳ್ಳುವಂತಿಲ್ಲ.

ಇಲ್ಲಿನ ಕನ್ನಡದವರಿಗೆ ವಿಷಯ ತಿಳಿದಾಗಿನಿಂದ ಒಬ್ಬ ಹಿರಿಯರು ನನ್ನನ್ನು ಕಂಡಾಗಲೆಲ್ಲ ಒಂದೇ ಕತೆ ಹೇಳುತ್ತಾರೆ. ಭರತನಾಟ್ಯದ ರುಕ್ಮಿಣೀದೇವಿ ಅರುಂಡೇಲ್ ಅವರು ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾಳನ್ನು ನೋಡಿ ಬ್ಯಾಲೆಗೆ ಮನಸೋತರಂತೆ, ಪಾವ್ಲೋವಾಳ ತಂಡದ ಕ್ಲಿಯೋ ನೋರ್ದಿಯ ಬಳಿ ಕಲಿಯಲೂ ತೊಡಗಿದರಂತೆ, ಆಗ ಪಾವ್ಲೋವಾಳೇ ನಿಮ್ಮ ನೆಲದ ನೃತ್ಯವನ್ನು ನೋಡಿಕೊಳ್ಳಿ ಎಂದಳಂತೆ. ಕತೆ ನಿಜವೇ. ಅದರಿಂದ 1936ರಲ್ಲಿ ಮದರಾಸಿನ ಕಲಾಕ್ಷೇತ್ರ ನೃತ್ಯಶಾಲೆ ಹುಟ್ಟಿದ್ದೂ ನಿಜ. ಹೇಳಿ ಮುಗಿಸಿ ನನ್ನನ್ನೇ ನೋಡುತ್ತಾರೆ. ನಾನು ತಿರುಗುಮುರುಗಾಗಿ ನಡೆದಿದ್ದೇನೆ ಎಂದು ಅವರ ದೂರು. ಪಾವ್ಲೋವಾ ಇದೇ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ಮನೆ ಮಾಡಿಕೊಂಡಿದ್ದವಳು, ಬದುಕಿದ್ದರೆ ನಾನು ಮಂಡಿ ಬಗ್ಗಿಸುವ ಪ್ಲಿಯೇ ನೋಡಿ ಅವಳೂ ಅದನ್ನೇ ಹೇಳುತ್ತಿದ್ದಳೋ ಏನೋ.

ಮನೆಯಿರುವ ಹೌನ್ಸ್‌ಲೋದಿಂದ ಶೂ ಅಂಗಡಿಯಿರುವ ಕೋವೆಂಟ್ ಗಾರ್ಡನ್‌ಗೆ ಒಂದೇ ರೈಲು. ಇಳಿದಾಗ ಲಿಫ್ಟಿನ ಮುಂದೆ ಉದ್ದನೆಯ ಸಾಲು. ಪಕ್ಕದಲ್ಲಿ ಸುರುಳಿ ಮೆಟ್ಟಿಲು, 193 ಇವೆ, ಹುಷಾರು ಎಂದು ಫಲಕ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳಿಗೆ ಇದೇನು ಎಂದು ಹೊರಟೆ. ನೂರು ಕಳೆಯುವಷ್ಟರಲ್ಲಿ ನಂದಿ ಯಾಕಿನ್ನೂ ಕಾಣುತ್ತಿಲ್ಲ ಎನ್ನಿಸಿತು.

ಅಂಗಡಿಯೆಂದರೆ ದೇವರಾಜ ಅರಸು ರಸ್ತೆಯ ಶೂ ಅಂಗಡಿಯಂತೆ ಕಲ್ಪಿಸಿಕೊಳ್ಳಬೇಡ. ಒಂದು ಕೋಣೆ, ಗೋಡೆಯುದ್ದ ಕನ್ನಡಿ, ಅದರೆದುರು ಕಂಬಿ, ಸೂರಿನವರೆಗೆ ರಟ್ಟಿನ ಡಬ್ಬಿಗಳು. ಅಳತೆ ನೋಡುವಾಕೆ ಅರವತ್ತು ದಾಟಿದವರು. ನಾನು ಕುರ್ಚಿಯಲ್ಲಿ ಕುಳಿತ ಕೂಡಲೇ ಅವರು ನೆಲದಲ್ಲಿ ಕುಳಿತು ನನ್ನ ಬಲಪಾದವನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಬೆಚ್ಚಿ ಕಾಲೆಳೆದುಕೊಂಡೆ. ಅಷ್ಟರಲ್ಲಿ ಕೈ ತನ್ನ ಕೆಲಸ ತಾನು ಮಾಡಿಯಾಗಿತ್ತು: ಅವರ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೆ. ಕಣ್ಣಿಗೆ ಏನಾದರೂ ಬಿತ್ತೇ ಎಂದು ಅವರು ಕೇಳಿದರು.

ಆಮೇಲೆ ಕಾಲುಂಗುರ. ಅದು ಇರುವಂತಿಲ್ಲ ಎಂದರು, ಬೆರಳುಗಳಿಗೇ ಜಾಗವಿಲ್ಲದ ಕಡೆ ಬೆಳ್ಳಿಗೆ ಎಲ್ಲಿಯ ಜಾಗ. ಹದಿನೈದು ವರ್ಷದಲ್ಲಿ ಹೆರಿಗೆಗೂ ತೆಗೆದಿರಲಿಲ್ಲ ನಾನು. ಬರಲೊಲ್ಲೆನೆಂದಿತು. ಅವರು ಕೈಗೆ ಹಚ್ಚುವ ಲೋಷನ್ ತಂದು ಬೆರಳ ಸುತ್ತ ಸವರಿ, ತಿರುಗಿಸಿ ತಿರುಗಿಸಿ ಎಳೆದರು. ಉಂಗುರ ಕಳಚಿದ ಜಾಗದಲ್ಲಿ ಬೆಳ್ಳಗಿನ ಒಂದು ಕಾಲುವೆ, ಅಂಚಿನಲ್ಲಿ ಕಪ್ಪು. ಆ ಬೆರಳು ನನ್ನ ಹೆಬ್ಬೆರಳಿಗಿಂತ ಉದ್ದ ಎಂದು ನಿನಗೂ ಗೊತ್ತು, ನಮ್ಮ ಬೀದಿಗೆಲ್ಲ ಗೊತ್ತಿತ್ತು. ಇಂಥವಳು ಗಂಡನನ್ನು ಆಳುತ್ತಾಳೆ ಎಂದು ನಿಮ್ಮಜ್ಜಿ ಜಗಲಿಯ ಮೇಲೆ ಕುಳಿತೇ ತೀರ್ಪು ಕೊಟ್ಟಿದ್ದರಲ್ಲ. ಇಲ್ಲಿ ಅದಕ್ಕೆ ಗ್ರೀಕ್ ಪಾದ ಎನ್ನುತ್ತಾರೆ. ನನ್ನವರಿಗೆ ಮೆಸೇಜ್ ಹಾಕಿದೆ: ಕಾಲುಂಗುರ ತೆಗೆದಿದ್ದೇನೆ, ಆರೋಗ್ಯ ಹೇಗಿದೆ? ಉತ್ತರ ಬಂತು: ಬಟ್ಟೆ ಒಣಗಿವೆ, ಮಡಚುತ್ತಿದ್ದೇನೆ. ನಿಮ್ಮಜ್ಜಿಗೆ ಒಂದು ನಮಸ್ಕಾರ.

ಶೂವಿನ ವಿಷಯಕ್ಕೆ ಬರುತ್ತೇನೆ. ಆ ಗಟ್ಟಿ ತುದಿಯೊಳಗೆ ಮರವೋ ಉಕ್ಕೋ ಇರುತ್ತದೆಂದು ಇಷ್ಟು ದಿನ ನಂಬಿದ್ದೆ. ಏನೂ ಇಲ್ಲ. ಗೋಣಿಬಟ್ಟೆ, ಕಾಗದ, ಹಿಟ್ಟಿನ ಅಂಟು, ಪದರದ ಮೇಲೆ ಪದರ. ಗಾಳಿಪಟಕ್ಕೆಂದು ನಾವು ಕಾಯಿಸಿ, ಪಾತ್ರೆ ಹಾಳು ಮಾಡಿ, ಏಟು ತಿನ್ನುತ್ತಿದ್ದ ಮೈದಾ ಅಂಟಿನ ದಾಯಾದಿ. ಒಳಹೊರಗು ಮಾಡಿ ಹೊಲಿದು, ಮಗುಚಿ, ಸುತ್ತಿಗೆಯಿಂದ ತಟ್ಟಿ ಆಕಾರ ಕೊಟ್ಟು, ರಾತ್ರಿಯೆಲ್ಲ ಒಲೆಯ ಶಾಖದಲ್ಲಿ ಒಣಗಿಸುತ್ತಾರೆ. 1832ರಲ್ಲಿ ಪ್ಯಾರಿಸ್ಸಿನಲ್ಲಿ ಮರೀ ತಾಗ್ಲಿಯೋನಿ ಎಂಬ ನರ್ತಕಿ ‘ಲಾ ಸಿಲ್ಫಿದ್’ ಬ್ಯಾಲೆಯಲ್ಲಿ ಬೆರಳ ತುದಿಗೇರಿ ಜನರನ್ನು ಮರುಳು ಮಾಡಿದಾಗ ಇಷ್ಟೂ ಇರಲಿಲ್ಲ, ತುದಿಗೆ ದಾರ ಹೆಣೆದು ಬಿಗಿ ಮಾಡಿದ ಮೆತ್ತನೆಯ ರೇಷ್ಮೆ ಶೂ ಅಷ್ಟೇ. ನನಗೆ ಸಿಕ್ಕದ್ದು ಫ್ರೆಡರಿಕ್ ಫ್ರೀಡ್ ಎಂಬಾತ 1929ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ಕಂಪನಿಯ ಜೋಡಿ. ಅಲ್ಲಿ ಶೂ ಮಾಡುವ ಒಬ್ಬೊಬ್ಬ ಕುಶಲಕರ್ಮಿಗೂ ಒಂದೊಂದು ಗುರುತು ಇದೆ, ತಾನು ಮಾಡಿದ ಅಟ್ಟೆಯ ಮೇಲೆ ಒತ್ತುತ್ತಾನೆ. ಲಂಗರು, ಕಿರೀಟ, ಗಂಟೆ, ಹೀಗೆ. ದೊಡ್ಡ ನರ್ತಕಿಯರು ತಮ್ಮ ಗುರುತಿನವನು ನಿವೃತ್ತನಾದರೆ ಕಂಗಾಲಾಗುತ್ತಾರಂತೆ, ನಮ್ಮಲ್ಲಿ ರವಿಕೆ ಹೊಲಿಯುವ ಟೈಲರು ಊರು ಬಿಟ್ಟರೆ ಆಗುವ ಹಾಗೆ. ನನ್ನ ಜೋಡಿಯ ಅಡಿ ಮಗುಚಿ ನೋಡಿದೆ. ಮೀನು! ಅಂಗಡಿಯಲ್ಲೇ ಕಿಸಕ್ಕೆಂದು ನಕ್ಕೆ. ಯಾಕೆಂದು ನಿನಗೆ ಗೊತ್ತು. ಬೇರೆ ಯಾರೂ ಕೇಳಬೇಡಿ.

ಒಂಬತ್ತು ಜೋಡಿ ಹಾಕಿಸಿದರು. ಪ್ಲಿಯೇ ಮಾಡಿ ಎನ್ನುವರು. ಮಂಡಿ ಬಗ್ಗಿದಾಗ ಪಾದ ಚಾಚಿಕೊಳ್ಳುತ್ತದೆ, ಆಗ ಬೆರಳು ತುದಿಗೆ ತಾಗಬೇಕು, ಆದರೆ ಮಡಚಬಾರದು. ತುದಿಗೇರಿದಾಗ ಹಿಮ್ಮಡಿಯ ಸ್ಯಾಟಿನ್ ಬಟ್ಟೆಯನ್ನು ಚಿವುಟಿ ನೋಡುವರು, ಒಂದು ಚಿಟಿಕೆಗಿಂತ ಹೆಚ್ಚು ಬಂದರೆ ಡಬ್ಬಿಗೆ ವಾಪಸ್. ಅಗಲಕ್ಕೆ ಎಕ್ಸ್‌ಗಳ ಲೆಕ್ಕ. ಬರಿಗಾಲಿನಲ್ಲಿ ಮೈಸೂರು ಸುತ್ತಿದ ಪಾದವಲ್ಲವೇ, ನನಗೆ ಮೂರು ಎಕ್ಸ್ ಬೇಕಾಯಿತು. ಅದನ್ನು ಕೇಳಿ ನಿನಗೆ ಇನ್ನೇನೋ ನೆನಪಾಗಿರುತ್ತದೆ, ಬಾಯಿ ಮುಚ್ಚಿಕೊಂಡಿರು. ಎಲ್ಲಕ್ಕಿಂತ ಅಚ್ಚರಿಯೆಂದರೆ ಈ ಶೂಗಳಿಗೆ ಎಡಬಲವಿಲ್ಲ. ಎರಡೂ ಒಂದೇ. ಯಾವ ಕಾಲಿಗೆ ಯಾವುದೆಂದು ನಾವೇ ಗೊತ್ತುಮಾಡಿ, ಹಾಕಿ ಹಾಕಿ ಪಳಗಿಸಿಕೊಳ್ಳಬೇಕು.

ಒಂಬತ್ತನೆಯದರಲ್ಲಿ ಕಂಬಿ ಹಿಡಿದು ಎದ್ದೆ. ಮೊದಲು ಮುಂಗಾಲು, ಅಲ್ಲಿಂದ ಇನ್ನೂ ಮೇಲೆ, ಎಲ್ಲೋ ಒಂದು ಕಡೆ ಕಟಕ್ಕೆಂದಿತು. ಮೂಳೆಯೇ ಎಂದುಕೊಂಡೆ, ಶೂವಿನದಂತೆ. ಮೈಯ ಭಾರವೆಲ್ಲ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಂದು ನಿಂತಂತಾಯಿತು. ಆ ಎತ್ತರದಿಂದ ಏನು ಕಂಡಿತು ಎಂದು ಕೇಳು. ಕಪಾಟಿನ ಮೇಲಿನ ಧೂಳು. ಆಮೇಲೆ ಕನ್ನಡಿ: ಕುರ್ತಾವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ, ಹೊಟ್ಟೆ ಎಳೆದುಕೊಂಡ, ಓಲೆ ಅಲ್ಲಾಡುತ್ತಿರುವ ಒಬ್ಬ ಹೆಂಗಸು. ಪಕ್ಕದ ಕುರ್ಚಿಯಲ್ಲಿ ಹನ್ನೊಂದರ ಹುಡುಗಿಯೊಬ್ಬಳು ತಾಯಿಯ ಜೊತೆ ತನ್ನ ಸರದಿಗೆ ಕಾಯುತ್ತಿದ್ದಳು. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಈಗ ನಗುತ್ತಾಳೆ ಎಂದುಕೊಂಡೆ. ನಗು ಬರುವ ಮೊದಲೇ ಕತ್ತಿನ ಹಿಂಭಾಗ ಬಿಸಿಯಾಯಿತು. ಅವಳು ನಗಲಿಲ್ಲ. ನಿಮಗೂ ಇದೇ ಮೊದಲನೆಯದಾ ಎಂದು ಕೇಳಿದಳು. ಹೌದೆಂದೆ. ನನಗೂ ಎಂದಳು. ಅಷ್ಟೇ.

ಕೆಳಗಿಳಿದು ಕುಳಿತು ರಿಬ್ಬನ್ ಆರಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಆಗ ನೆನಪಾದದ್ದು ನೀನು.

ಇಡೀ ಭರತನಾಟ್ಯ ತರಗತಿಯಲ್ಲಿ ನೀನೊಬ್ಬನೇ ಹುಡುಗ. ಶರಟಿನ ಮೇಲೆ ಅಕ್ಕನ ದುಪಟ್ಟಾ ಬಿಗಿದುಕೊಂಡು ಅರೆಮಂಡಿಗೆ ಕುಳಿತರೆ ಮೇಡಂ ತಟ್ಟುಮಣೆ ನಿಲ್ಲಿಸಿ, ನೋಡಿ ಕಲಿಯಿರಿ ಎಂದು ನಮಗೆ ಹೇಳುತ್ತಿದ್ದರು. ನಮಗೆ ಎಂದರೆ ನನಗೆ. ಕುದಿತ್ತಮೆಟ್ಟು ಎಂಬ ಹೆಜ್ಜೆಯಲ್ಲಿ ಎಲ್ಲರೂ ಮುಂಗಾಲಿಗೆ ಹಾರಿ ಹಿಮ್ಮಡಿ ಇಳಿಸುತ್ತಿದ್ದೆವು, ನಿನ್ನ ಹಿಮ್ಮಡಿ ಮಾತ್ರ ಕೋಲಿನ ಏಟಿಗೆ ಸರಿಯಾಗಿ, ಒಂದೇ ಸದ್ದಿನಲ್ಲಿ ಬೀಳುತ್ತಿತ್ತು. ಎಂಟನೆಯ ತರಗತಿಯಲ್ಲಿ ಶಾಲೆಯಲ್ಲಿ ನಿನಗೊಂದು ಹೆಸರು ಬಿತ್ತಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಸೈಕಲ್ ಸ್ಟ್ಯಾಂಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದರು, ಹುಡುಗರು ಕಾಂಪೌಂಡಿನಾಚೆಯಿಂದ ಕೂಗುತ್ತಿದ್ದರು. ಹಿಂದಿನ ಬೆಂಚಿನವರ ಕೆಲಸ ಎಂದು ನೀನು ಇಂದಿಗೂ ನಂಬಿದ್ದೀಯೆ. ಹೋದ ಸಲ ನಾನು ಊರಿಗೆ ಬಂದಾಗ ನೀನು ನಗುತ್ತಾ ಹಾಗೇ ಹೇಳಿದೆ, ನಾನೂ ನಕ್ಕೆ.

ಆ ಹೆಸರು ಇಟ್ಟವಳು ನಾನು. ಒಂದು ಶುಕ್ರವಾರ ಮೇಡಂ ನನ್ನ ಮಂಡಿಗೆ ಕೋಲಿನಿಂದ ತಟ್ಟಿ ನಿನ್ನನ್ನು ತೋರಿಸಿದ ಮರುದಿನ, ನೀರು ಕುಡಿಯುವ ನಲ್ಲಿಯ ಹತ್ತಿರ ಹೇಳಿದೆ. ಒಂದೇ ಸಲ. ಎಲ್ಲರೂ ನಕ್ಕರು, ನನಗೆ ಬಹಳ ಸಂತೋಷವಾಯಿತು. ಎರಡನೆಯ ಸಲ ಹೇಳಬೇಕಾಗಲಿಲ್ಲ.

ದಸರಾ ರಜೆಯ ನಂತರ ನೀನು ತರಗತಿಗೆ ಬರಲಿಲ್ಲ. ಗಣಿತದ ಟ್ಯೂಷನ್ ಎಂದಿರಿ. ನಿಮ್ಮಮ್ಮ ನಿನ್ನ ಐದು ಸಾಲಿನ ಗೆಜ್ಜೆಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಸುಮ್ಮನೆ ಹಾಳಾಗುವುದಕ್ಕಿಂತ ನೀನು ಕಟ್ಟಿಕೊಳ್ಳಮ್ಮ ಎಂದರು. ಕಟ್ಟಿಕೊಂಡೆ. ಎರಡು ವರ್ಷ ಅದರಲ್ಲೇ ಕುಣಿದೆ, ಜತಿಸ್ವರದವರೆಗೆ. ಆಮೇಲೆ ಬಿಟ್ಟೆ. ಎಸ್‌ಎಸ್‌ಎಲ್‌ಸಿ ಬಂತು ಎಂದು ಹೇಳಿಕೊಂಡು ತಿರುಗಿದ್ದೂ ಅರ್ಧ ಸತ್ಯ. ನೀನಿಲ್ಲದ ತರಗತಿಯಲ್ಲಿ ಮೇಡಂ ಯಾರನ್ನೂ ತೋರಿಸುತ್ತಿರಲಿಲ್ಲ, ನಾನು ಯಾರಿಗಿಂತ ಚೆನ್ನಾಗಿ ಕುಣಿಯಬೇಕು ಎನ್ನುವುದೇ ತಿಳಿಯಲಿಲ್ಲ.

ನೋಡು, ಶೂ ಕೊಂಡ ಕತೆ ಹೇಳಲು ಕುಳಿತವಳು ನಾನು. ಇದನ್ನು ಫೋನಿನಲ್ಲಿ ಹೇಳಬೇಕಿತ್ತು. ಫೋನಿನಲ್ಲಾದರೆ ಆಚೆಯಿಂದ ನೀನು ಸುಮ್ಮನಾಗುತ್ತಿದ್ದೆ, ಅದನ್ನು ನಾನು ಕೇಳಬೇಕಾಗುತ್ತಿತ್ತು. ಇಲ್ಲಾದರೆ ನೀನು ಸುಮ್ಮನಿದ್ದರೂ ಉಳಿದವರು ಹೃದಯದ ಚಿತ್ರ ಒತ್ತುತ್ತಾರೆ. ನಲ್ಲಿಯ ಹತ್ತಿರ ನಿಂತ ಹುಡುಗಿಗೆ ಆಗಲೂ ಸಭೆಯೇ ಬೇಕಿತ್ತು. ಇಷ್ಟು ಬರೆದು ಅಳಿಸಿದೆ, ಮತ್ತೆ ಬರೆದೆ. ಇರಲಿ ಬಿಡು.

ಈಗ ರಿಬ್ಬನ್ನಿನ ಗೋಳು ಕೇಳು. ಈ ಶೂಗಳಿಗೆ ರಿಬ್ಬನ್ ಹೊಲಿದು ಕೊಡುವುದಿಲ್ಲ, ಕುಣಿಯುವವಳೇ ಹೊಲಿದುಕೊಳ್ಳಬೇಕು. ಸಾಮಾನ್ಯ ದಾರ ತಡೆಯುವುದಿಲ್ಲವೆಂದು ಹಲವರು ಹಲ್ಲಿನ ಸಂದು ಉಜ್ಜುವ ಫ್ಲಾಸ್‌ನಲ್ಲಿ ಹೊಲಿಯುತ್ತಾರೆ. ನನ್ನದಂತೂ ಪುದೀನ ವಾಸನೆಯದು, ಮನೆಯೆಲ್ಲ ಘಮ್ಮೆನ್ನುತ್ತಿದೆ. ಮಡಿಲಲ್ಲಿ ಶೂ ಇಟ್ಟುಕೊಂಡು ಸೂಜಿ ಚುಚ್ಚುತ್ತಿದ್ದಾಗ ಅಮ್ಮನ ವಿಡಿಯೋ ಕರೆ ಬಂತು. “ಥೂ, ಕಾಲಿಗೆ ಹಾಕುವುದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೀಯಲ್ಲೇ!” ಹೊಸದಮ್ಮ ಎಂದೆ. “ಹೊಸದಾದರೇನು, ಚಪ್ಪಲಿ ಚಪ್ಪಲಿಯೇ.” ಆಮೇಲೆ ಹತ್ತಿರ ಹಿಡಿದು ತೋರಿಸು ಎಂದಳು. ಕನ್ನಡಕ ಹಾಕಿಕೊಂಡು ನೋಡಿ, ಒಳ್ಳೆಯ ರವಿಕೆ ಕಣದ ಹಾಗಿದೆ ಎಂದಳು. ನಿನ್ನ ಗೆಜ್ಜೆ ಎಲ್ಲಿದೆ ಎಂದು ಕೇಳಿದೆ. ದೇವರ ಮನೆಯ ಮೇಲಿನ ಗೂಡಿನಲ್ಲಿ, ಅದೇ ಹಳದಿ ಬಟ್ಟೆಯಲ್ಲಿದೆಯಂತೆ. ಪ್ರತಿ ಆಯುಧ ಪೂಜೆಗೂ ಇಳಿಸಿ ಕುಂಕುಮ ಇಡುತ್ತಾಳಂತೆ. ನಿನ್ನದು ಎಂದು ನಾನು ಹೇಳಿದ್ದು ಅವಳಿಗೆ ನನ್ನದು ಎಂದೇ ಕೇಳಿಸಿರಬೇಕು, ಸರಿಪಡಿಸಲಿಲ್ಲ.

ಡಿಸೆಂಬರಿನಲ್ಲಿ ಬರುತ್ತೇನೆ. ಗೆಜ್ಜೆ ತಂದುಕೊಟ್ಟರೆ ನಿನ್ನ ಕಾಲಿಗೆ ಈಗ ಕಟ್ಟಲು ಬರುತ್ತದೋ ಇಲ್ಲವೋ, ಹಲಸಿನ ಹಣ್ಣಿನ ಫೋಟೋ ನೋಡಿದರೆ ಅನುಮಾನವೇ. ನಾನು ಶೂ ತರುತ್ತೇನೆ. ನಗಬೇಕೆನ್ನಿಸಿದರೆ ನಗು, ಹೆಸರಿಡಬೇಕೆನ್ನಿಸಿದರೆ ಇಡು, ಬಾಕಿ ನನ್ನದೇ ಇದೆ.

ಸದ್ಯಕ್ಕೆ ಕೊನೆಯ ಸುದ್ದಿ: ನಿನ್ನೆ ರಾತ್ರಿ ಹೊಲಿದು ಮುಗಿಸಿ, ಹಾಕಿಕೊಂಡು ನೋಡಿದರೆ ರಿಬ್ಬನ್ನಿನ ಗಂಟು ಎರಡೂ ಕಾಲಿನಲ್ಲಿ ಹೊರಗಡೆಗೆ ಬರುತ್ತಿದೆ. ಒಳಗಡೆಗೆ ಬರಬೇಕಂತೆ. ಎಡಬಲವಿಲ್ಲದ ಶೂವನ್ನೂ ಅದಲುಬದಲು ಮಾಡಿದ್ದೇನೆ. ಈಗ ಫ್ಲಾಸ್ ಬಿಚ್ಚಲು ಕುಳಿತಿದ್ದೇನೆ, ಅದು ಬರುತ್ತಿಲ್ಲ.

ಇಂತು,
ನಿನ್ನ ಮೂರು ಎಕ್ಸ್