ಕೆರೆಯ ಜೊತೆ ಮೀನುಗಾರರೂ ಉಳಿಯಲಿ

ಸಂಪಾದಕರೇ,

ಮುನಿರಾಬಾದ್ ಕಡೆ ತುಂಗಭದ್ರಾ ಹಿನ್ನೀರಿನ ದಡದಲ್ಲಿ ಮೊನ್ನೆ ಬೆಳಿಗ್ಗೆ ನಿಂತಿದ್ದೆ. ಹರಿಗೋಲಿನಿಂದ ಇಳಿದವರ ಬಲೆಯಲ್ಲಿ ಬೊಗಸೆಯಷ್ಟು ಸಣ್ಣ ಮೀನು, ಅದಕ್ಕಿಂತ ಜಾಸ್ತಿ ಪ್ಲಾಸ್ಟಿಕ್. ಆ ದಿನದ ಮನೆ ಖರ್ಚು ಅದರಲ್ಲೇ ನಡೆಯಬೇಕು.

ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಜಗತ್ತಿನ ಮಹತ್ವದ ಕೆರೆ-ಜೌಗು ನೆಲಗಳ ರಾಮ್ಸರ್ ಪಟ್ಟಿ ಸೇರಿದ ಸುದ್ದಿ 2024ರಲ್ಲಿ ಬಂದಾಗ ಖುಷಿಯಾಯ್ತು. ಅದೂ ನೀರಾವರಿಗೆಂದು ಜನರೇ ಕಟ್ಟಿದ ಕೆರೆ, ಅಲ್ವಾ? ರಾಮ್ಸರ್ ಒಪ್ಪಂದವೂ ಜೌಗು ನೆಲಕ್ಕೆ ಸುಮ್ನೆ ಬೇಲಿ ಹಾಕಿ ಅನ್ನುವುದಿಲ್ಲ, ವಿವೇಕದಿಂದ ಬಳಸಿ ಅನ್ನುತ್ತದೆ. ಹಾಗಾಗಿ ಕೊಪ್ಪಳದ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಹರಾಜಿನಲ್ಲಿ ಜಾಸ್ತಿ ಕೂಗಿದ ಹೊರಗಿನವರಿಗಲ್ಲ, ದಡದಲ್ಲೇ ಬದುಕುವ ಮೀನುಗಾರರ ಸಂಘಗಳಿಗೆ ಸಿಗಲಿ. ಮೀನು ಮೊಟ್ಟೆ ಇಡುವ ಮಳೆಗಾಲದಲ್ಲಿ ಬಲೆ ಹಾಕಬೇಡಿ ಅನ್ನುವುದಾದರೆ, ಅಷ್ಟು ದಿನದ ಖರ್ಚಿನ ಹಣ ಮೊದಲೇ ಅವರ ಕೈ ಸೇರಬೇಕು. ಹಸಿದವರಿಗೆ ಬಲೆ ಮಡಚಿಡಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಓದುಗ, ಕೊಪ್ಪಳ