ಇಂಧನ ಯೋಜನೆಯ ದಾರಿ ಹಿಡಿಯಲಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಓದಿದೆ. ವಿನ್ಯಾಸ ವಿಭಾಗದಲ್ಲಿ ಕುಳಿತು, ಬೇರೆ ಯಾರೋ ಹುಡುಕಿ ತಂದ ಜಮೀನಿನ ನಕ್ಷೆಯ ಮೇಲೆ ಸೌರ ಫಲಕಗಳ ಸಾಲು ಜೋಡಿಸುವ ಕೆಲಸ ಸಾಕೆನಿಸಿದೆ, ಯೋಜನೆಯೊಂದನ್ನು ಬುಡದಿಂದ ಕಟ್ಟಿ ನಿಲ್ಲಿಸುವ ಡೆವಲಪರ್ ಆಗಬೇಕೆನಿಸಿದೆ ಎಂದು ಬರೆದಿದ್ದೀಯ. ಆಗಬಹುದೇ ಎಂದು ಕೇಳಿದರೆ ಖಂಡಿತ ಆಗಬಹುದು ಎಂದೇ ಹೇಳುತ್ತೇನೆ. ಆದರೆ ಈ ವೃತ್ತಿಯ ಬಗ್ಗೆ ಹೊರಗಿರುವ ಕಲ್ಪನೆಗೂ ಒಳಗಿನ ದಿನಚರಿಗೂ ಬಹಳ ಅಂತರವಿದೆ. ಡೆವಲಪರ್ ಕೈಹಾಕುವ ಯೋಜನೆಗಳಲ್ಲಿ ಹೆಚ್ಚಿನವು ಕಾಗದದಲ್ಲೇ ಉಳಿಯುತ್ತವೆ ಎಂಬುದನ್ನು ಕೆಲಸಕ್ಕೆ ಸೇರಿಸಿಕೊಳ್ಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಕಟ್ಟಿದ ಯೋಜನೆಗಳನ್ನು ಎಲ್ಲರೂ ನೋಡುತ್ತಾರೆ. ಕೈಬಿಟ್ಟ ಯೋಜನೆಗಳನ್ನು ಯಾವಾಗ ಬಿಟ್ಟೆವು, ಹೇಗೆ ಬಿಟ್ಟೆವು ಎಂಬುದರ ಮೇಲೆಯೇ ಒಬ್ಬ ಡೆವಲಪರನ ಯೋಗ್ಯತೆ ನಿಂತಿದೆ ಎಂದು ನಾನು ನಂಬಿದ್ದೇನೆ. ಪತ್ರ ಸ್ವಲ್ಪ ಉದ್ದವಾದೀತು, ಸಾವಧಾನವಾಗಿ ಓದು.

ಮೊದಲು ಕೆಲಸದ ಸ್ವರೂಪ. ವಿದ್ಯುತ್ ಉತ್ಪಾದನೆಗೆ ಲೈಸೆನ್ಸ್ ಬೇಕಿಲ್ಲ ಎಂದು 2003ರ ವಿದ್ಯುತ್ ಕಾಯ್ದೆ ಹೇಳಿದ ಮೇಲೆ ಈ ವೃತ್ತಿ ನಮ್ಮಲ್ಲಿ ನಿಜವಾಗಿ ಬೆಳೆಯಿತು. ಡೆವಲಪರ್ ಫಲಕ ತಯಾರಿಸುವುದಿಲ್ಲ, ಗಾಳಿಯಂತ್ರದ ಗೋಪುರ ನಿಲ್ಲಿಸುವುದಿಲ್ಲ, ಅದಕ್ಕೆಲ್ಲ ಗುತ್ತಿಗೆದಾರರಿದ್ದಾರೆ. ಜಮೀನು, ಗ್ರಿಡ್ ಸಂಪರ್ಕ, ವಿದ್ಯುತ್ತನ್ನು ಕೊಳ್ಳುವವನು, ಸರ್ಕಾರದ ಅನುಮತಿಗಳು, ಬ್ಯಾಂಕಿನ ಸಾಲ, ಇವೆಲ್ಲ ಒಂದೇ ಕಾಲಕ್ಕೆ ಕೈಗೂಡುವಂತೆ ಮಾಡುವುದು ಅವನ ಕೆಲಸ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಉಳಿದವು ಹಳಸತೊಡಗುತ್ತವೆ, ಏಕೆಂದರೆ ಪ್ರತಿಯೊಂದು ಅನುಮತಿಗೂ ಒಂದು ವಾಯಿದೆ ಇರುತ್ತದೆ.

ನಮ್ಮ ನಾಡಿನ ಮೊದಲ ದೊಡ್ಡ ಯೋಜನೆಯನ್ನೇ ನೋಡು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿದಾಗ ಅದರ ವಿದ್ಯುತ್ತು ಹತ್ತಿರದ ಊರುಗಳಿಗೆ ಹೋಗಲಿಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಕೊಳ್ಳುವವನು ಯಾರು, ಎಷ್ಟು ಕಾಲ ಕೊಳ್ಳುತ್ತಾನೆ, ಅವನ ಬಳಿಗೆ ತಂತಿ ಹೇಗೆ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದರಿಂದಲೇ ಆ ಯೋಜನೆ ನಿಂತಿತು. ಇಂದಿಗೂ ಅವೇ ಪ್ರಶ್ನೆಗಳು.

ಇನ್ನು ಜಮೀನಿನ ವಿಷಯ. ಇದನ್ನು ಹೆಚ್ಚು ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಂಜಿನಿಯರಿಂಗ್ ಓದಿ ಬಂದವರು ಇದನ್ನು ಕೀಳು ಕೆಲಸವೆಂದು ಬೇರೆಯವರಿಗೆ ಬಿಟ್ಟುಬಿಡುತ್ತಾರೆ. ಉಪಗ್ರಹದ ಚಿತ್ರದಲ್ಲಿ ನೂರು ಎಕರೆ ಸಮತಟ್ಟಾದ ಒಣಭೂಮಿ ಒಂದೇ ಹಾಳೆಯಂತೆ ಕಾಣುತ್ತದೆ. ಪಹಣಿ ತೆಗೆದು ನೋಡಿದರೆ ಅದು ನಲವತ್ತು ಹಿಸ್ಸೆಗಳಾಗಿ ಒಡೆದಿರುತ್ತದೆ. ಅದರಲ್ಲಿ ಹಲವು ಖಾತೆಗಳು ತೀರಿಕೊಂಡವರ ಹೆಸರಿನಲ್ಲೇ ಇರುತ್ತವೆ. ಪೌತಿ ಖಾತೆಯಾಗದೆ ಮಕ್ಕಳು ಸಹಿ ಹಾಕುವಂತಿಲ್ಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಇಲ್ಲದ ವಂಶವೃಕ್ಷವನ್ನು ಬ್ಯಾಂಕಿನ ವಕೀಲರು ಒಪ್ಪುವುದಿಲ್ಲ. ಪೋಡಿಯಾಗದ, ಎಂದರೆ ಹಿಸ್ಸೆವಾರು ಅಳೆದು ಬೇರ್ಪಡಿಸದ ಜಮೀನಿನಲ್ಲಿ ಯಾರ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬುದು ಊರಿನ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತದೆ. ನಡುವೆ ಹಾದುಹೋಗುವ ಬಂಡಿದಾರಿ, ಹಳ್ಳ, ಖರಾಬು, ಗೋಮಾಳ ಇವೆಲ್ಲ ಸರ್ವೆ ನಕ್ಷೆ ಕೈಗೆ ಬಂದ ಮೇಲೆ ಗೋಚರಿಸುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾಗಿ, ಆ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದೇ ಎಂದು ಮೊದಲು ನೋಡಬೇಕು. ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ಪರಭಾರೆ ಮಾಡುವಂತಿಲ್ಲ. ಆ ಕಾಯ್ದೆಯನ್ನು ಅಡ್ಡಿ ಎಂದು ಗೊಣಗುವವರನ್ನು ನೀನು ಈ ವೃತ್ತಿಯಲ್ಲಿ ಬೇಕಾದಷ್ಟು ಕಾಣುವೆ. ಅವರ ಮಾತಿಗೆ ಕಿವಿಗೊಡಬೇಡ. ತುಂಡು ಭೂಮಿಯೊಂದೇ ಆಸ್ತಿಯಾಗಿರುವ ಕುಟುಂಬ ಅದನ್ನು ಕಳೆದುಕೊಳ್ಳಬಾರದೆಂದು ಮಾಡಿದ ಕಾನೂನು ಅದು. ನಮ್ಮ ಕಾಲಪಟ್ಟಿ ಅದಕ್ಕೆ ಹೊಂದಿಕೊಳ್ಳಬೇಕು.

ಪಾವಗಡಕ್ಕೆ ಒಮ್ಮೆ ಹೋಗಿ ಬಾ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಹರಡಿಕೊಂಡಿದೆ. ಅಲ್ಲಿ ಸರ್ಕಾರ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ. ಈ ಕೆಲಸಕ್ಕೆಂದೇ 2015ರಲ್ಲಿ ಸ್ಥಾಪಿಸಿದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವು ರೈತರಿಂದ 28 ವರ್ಷಗಳ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ, ಬಿತ್ತನೆಯ ಖರ್ಚೂ ಹುಟ್ಟದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಸೀಮೆಯಲ್ಲಿ ಭೂಮಿಯ ಒಡೆತನ ಉಳಿಸಿಕೊಂಡೇ ಖಚಿತ ಆದಾಯ ಸಿಗುವ ಈ ವ್ಯವಸ್ಥೆ ಅನೇಕರ ಕೈಹಿಡಿಯಿತು. ದೇಶದ ಬೇರೆ ರಾಜ್ಯಗಳೂ ಇದನ್ನು ಮಾದರಿಯೆಂದು ನೋಡಿದವು.

ಆದರೆ ಅಲ್ಲಿಗೆ ಹೋದಾಗ ಜಮೀನಿಲ್ಲದವರ ಜೊತೆಗೂ ಕುಳಿತು ಮಾತನಾಡು. ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಕೂಲಿ ತಪ್ಪಿತು, ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಎದುರಾಯಿತು. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಬಂದವು, ಆದರೆ ಹೋದ ಕೂಲಿಯಷ್ಟು ಬರಲಿಲ್ಲ. ನಮ್ಮ ಲೆಕ್ಕದ ಹಾಳೆಯಲ್ಲಿ ಭೂಮಾಲೀಕನಿಗೆ ಒಂದು ಕಾಲಂ ಇರುತ್ತದೆ, ಕೂಲಿಯವಳಿಗೆ ಇರುವುದಿಲ್ಲ. ನೀನು ಮಾಡುವ ಯೋಜನೆಯಲ್ಲಿ ಆ ಕಾಲಂ ಇರಲಿ ಎಂಬುದು ನನ್ನ ಆಸೆ.

ಪಾವಗಡದಲ್ಲಿ ಜಮೀನು, ರಸ್ತೆ, ಸಬ್‌ಸ್ಟೇಷನ್ ಎಲ್ಲವನ್ನೂ ನಿಗಮವೇ ಸಿದ್ಧಪಡಿಸಿ 50 ಮೆಗಾವ್ಯಾಟ್‌ನ ಬ್ಲಾಕ್‌ಗಳಾಗಿ ಹಂಚಿತು. ಪಾರ್ಕಿನ ಹೊರಗೆ ಕೆಲಸ ಮಾಡುವವನಿಗೆ ಈ ಅನುಕೂಲ ಇಲ್ಲ. ಅವನಿಗೆ ಜಮೀನು ಸಿಕ್ಕ ಮಾತ್ರಕ್ಕೆ ವಿದ್ಯುತ್ತನ್ನು ಸಾಗಿಸಲು ದಾರಿ ಸಿಗುವುದಿಲ್ಲ. ಹತ್ತಿರದ ಸಬ್‌ಸ್ಟೇಷನ್‌ನಲ್ಲಿ ಹೊಸ ಬೇ (ನಮ್ಮ ತಂತಿ ಬಂದು ಸೇರುವ ಅಂಕಣ) ಕಟ್ಟಲು ಜಾಗವಿದೆಯೇ, ಪರಿವರ್ತಕದಲ್ಲಿ ಸಾಮರ್ಥ್ಯ ಉಳಿದಿದೆಯೇ, ನಿನಗಿಂತ ಮೊದಲು ಅರ್ಜಿ ಹಾಕಿದವರು ಎಷ್ಟು ಜನ ಎಂದು ತಿಳಿಯದೆ ಜಮೀನಿನ ಮಾತುಕತೆಗೆ ಇಳಿಯಬಾರದು. ನಾನು ಈಗ ಮೊದಲು ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನ ಪ್ರಸರಣ ನಕ್ಷೆ ಬಿಡಿಸಿಕೊಂಡು, ಸಬ್‌ಸ್ಟೇಷನ್‌ನಿಂದ ಹೊರಟು ಊರಿಗೆ ಬರುತ್ತೇನೆ. ಹೊಸಬರು ಊರಿನಿಂದ ಹೊರಟು ಸಬ್‌ಸ್ಟೇಷನ್ ಹುಡುಕುತ್ತಾರೆ. ಹತ್ತು ಕಿಲೋಮೀಟರ್ ತಂತಿ ಎಳೆಯುವುದೆಂದರೆ ಗೋಪುರ ನಿಲ್ಲುವ ಪ್ರತಿ ಹೊಲದವನೊಂದಿಗೂ ಮಾತನಾಡುವುದು. ಅವರಿಗೆ ಯೋಜನೆಯಿಂದ ಗುತ್ತಿಗೆ ಹಣ ಬರುವುದಿಲ್ಲ, ತಲೆಯ ಮೇಲೆ ತಂತಿ ಮಾತ್ರ ಬರುತ್ತದೆ. ಆದ್ದರಿಂದ ಪರಿಹಾರದ ವಿಷಯದಲ್ಲಿ ಅವರು ಬಿಗಿಯಾಗಿ ನಿಂತರೆ ಅದು ನ್ಯಾಯವೇ.

ದರದ ವಿಷಯ ಬೇಗ ಮುಗಿಸುತ್ತೇನೆ, ನಿನಗೆ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ. ರಾಜಸ್ಥಾನದ ಭಡ್ಲಾದಲ್ಲಿ 2017ರ ಹರಾಜಿನಲ್ಲಿ ಯೂನಿಟ್‌ಗೆ 2.44 ರೂಪಾಯಿಯಷ್ಟು ಕಡಿಮೆ ದರ ಬಂದ ಮೇಲೆ ದೊಡ್ಡ ಸೌರ ಯೋಜನೆಗಳಲ್ಲಿ ತಪ್ಪಿಗೆ ಅವಕಾಶವೇ ಉಳಿದಿಲ್ಲ. ಮಧ್ಯಮ ಗಾತ್ರದವರು ಕಾರ್ಖಾನೆಗಳಿಗೆ ನೇರವಾಗಿ ಮಾರುವ ಕಡೆ ಹೊರಳಿದ್ದಾರೆ. ಕ್ಯಾಪ್ಟಿವ್ ಯೋಜನೆಯಾದರೆ, ಎಂದರೆ ಬಳಕೆದಾರರು ತಮಗಾಗಿಯೇ ಕಟ್ಟಿಕೊಳ್ಳುವ ಘಟಕವಾದರೆ, ಬಳಸುವವರು ಕನಿಷ್ಠ ಶೇ. 26ರಷ್ಟು ಪಾಲು ಹೊಂದಿರಬೇಕು, ಉತ್ಪಾದನೆಯ ಶೇ. 51ನ್ನಾದರೂ ತಾವೇ ಬಳಸಬೇಕು. ಈ ಎರಡು ಸಂಖ್ಯೆಗಳನ್ನು ಪ್ರತಿ ವರ್ಷ ಸಾಬೀತುಪಡಿಸಬೇಕಾಗುತ್ತದೆ. ಇದರ ಜೊತೆಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ (ಕೆಇಆರ್‌ಸಿ) ಆದೇಶಗಳನ್ನು ಓದುವ ಅಭ್ಯಾಸ ಮಾಡಿಕೋ. ವಿದ್ಯುತ್ತನ್ನು ಗ್ರಿಡ್‌ನಲ್ಲಿ ಸಾಗಿಸಲು ಕೊಡುವ ವೀಲಿಂಗ್ ಶುಲ್ಕದಲ್ಲಿ, ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್‌ಗೆ ಕೊಟ್ಟು ಆಮೇಲೆ ಪಡೆಯುವ ಬ್ಯಾಂಕಿಂಗ್ ನಿಯಮದಲ್ಲಿ ಆಗುವ ಒಂದು ಸಣ್ಣ ಬದಲಾವಣೆ ಎರಡು ವರ್ಷದ ಓಡಾಟವನ್ನು ನಷ್ಟದ ಬಾಬತ್ತಿಗೆ ತಳ್ಳಬಲ್ಲದು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. 2014ರ ಸೌರ ನೀತಿಯಡಿ ಜಮೀನುಳ್ಳ ರೈತರಿಗೆ 1ರಿಂದ 3 ಮೆಗಾವ್ಯಾಟ್‌ನ ಘಟಕ ಹಾಕಲು ಅವಕಾಶ ಸಿಕ್ಕಿತು, ಯೂನಿಟ್‌ಗೆ 8.40 ರೂಪಾಯಿಯ ದರ. ಭೂಪರಿವರ್ತನೆ, ಗ್ರಿಡ್ ಅನುಮತಿ ಎಂದು ಕಚೇರಿಗಳಲ್ಲಿ ಕಡತ ನಿಂತು ಎಷ್ಟೋ ಘಟಕಗಳು ಗಡುವು ಮೀರಿದವು. ಗಡುವು ಮೀರಿದ್ದರಿಂದ ದರ ಇಳಿಯಿತು, ಪ್ರಕರಣಗಳು ಮೇಲ್ಮನವಿ ನ್ಯಾಯಮಂಡಳಿಯವರೆಗೆ ಹೋದವು. 8.40ರ ಲೆಕ್ಕದಲ್ಲಿ ಸಾಲ ತಂದವನಿಗೆ ಆ ವರ್ಷಗಳು ಹೇಗೆ ಕಳೆದಿರಬೇಕು ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ಈಗ ನಾನು ಮೊದಲೇ ಹೇಳಿದ, ಬಿಡುವ ಮಾತಿಗೆ ಬರುತ್ತೇನೆ. ಕೆಲವು ಜಾಗಗಳನ್ನು ನಕ್ಷೆ ನೋಡಿದ ದಿನವೇ ಬಿಡಬೇಕು. ಗದಗದ ಕಪ್ಪತಗುಡ್ಡದ ಮೇಲೆ ಒಳ್ಳೆಯ ಗಾಳಿ ಬೀಸುತ್ತದೆ, ಆದರೆ ಔಷಧೀಯ ಸಸ್ಯಗಳ ಆ ಬೆಟ್ಟಸಾಲು 2019ರಿಂದ ವನ್ಯಜೀವಿಧಾಮ. ಕೊಪ್ಪಳದ ಬಂಕಾಪುರದ ಸುತ್ತಲಿನ ಹುಲ್ಲುಗಾವಲು ನೋಡಲು ಪಾಳುಭೂಮಿಯಂತಿದ್ದರೂ ಅದು ತೋಳಗಳ ನೆಲೆ. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು (ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವುದು) ಯೋಚಿಸಿರುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ. ಸಂಜೆಯ ಬೇಡಿಕೆಗೆ ಸಂಗ್ರಹಿಸಿಟ್ಟ ವಿದ್ಯುತ್ ಬೇಕು ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೂ ಒಮ್ಮೆ ಹೋದರೆ ಮತ್ತೆ ಬರದ ಕಾಡನ್ನು ಅದಕ್ಕಾಗಿ ಕೊಡಬಾರದು ಎಂಬುದು ನನ್ನ ನಿಲುವು, ಮತ್ತು ಈ ವೃತ್ತಿಯಲ್ಲಿದ್ದುಕೊಂಡೇ ಅದನ್ನು ಹೇಳುವವರು ಹೆಚ್ಚಬೇಕು.

ಇನ್ನು ಕೆಲವನ್ನು ಬಿಡುವುದು ಕಷ್ಟ. ಮುಕ್ಕಾಲು ಭಾಗ ಜಮೀನಿಗೆ ಕರಾರು ಆಗಿರುತ್ತದೆ, ಗಾಳಿ ಅಳೆಯುವ ಕಂಬ ನಿಂತು ವರ್ಷವಾಗಿರುತ್ತದೆ, ಆದರೆ ಗ್ರಿಡ್ ಅನುಮತಿ ಬರುವ ಲಕ್ಷಣವಿರುವುದಿಲ್ಲ. ಆಗ ಕಚೇರಿಯಲ್ಲಿ ಎಲ್ಲರೂ ಇನ್ನಷ್ಟು ಕಾಯೋಣ ಎನ್ನುತ್ತಾರೆ, ಏಕೆಂದರೆ ಕಾಯುವುದಕ್ಕೆ ಕಂಪನಿಗೆ ದೊಡ್ಡ ಖರ್ಚಿಲ್ಲ. ಖರ್ಚು ಬೀಳುವುದು ರೈತನಿಗೆ. ಅವನು ನೋಂದಣಿ ಮಾಡಿಕೊಟ್ಟ ಕರಾರು ಜಮೀನಿನ ಋಣಭಾರ ಪತ್ರದಲ್ಲಿ (ಇ.ಸಿ.) ಕಾಣುತ್ತಿರುತ್ತದೆ, ಮಗಳ ಮದುವೆಗೆಂದು ಎರಡು ಎಕರೆ ಮಾರಹೊರಟರೆ ಕೊಳ್ಳುವವನು ಹಿಂಜರಿಯುತ್ತಾನೆ, ಸಾಲ ಕೇಳಿದರೆ ಬ್ಯಾಂಕಿನವರು ಪ್ರಶ್ನೆ ಕೇಳುತ್ತಾರೆ, ನಾಳೆ ಫಲಕ ಬಂದೀತೆಂದು ಕೊಳವೆಬಾವಿ ಕೊರೆಸುವುದನ್ನೂ ಅವನೇ ಮುಂದಕ್ಕೆ ಹಾಕುತ್ತಾನೆ. ನಾವು ಒಂದು ನಿರ್ಧಾರವನ್ನು ಮುಂದೂಡಿದರೆ ಊರಿನ ನೂರು ನಿರ್ಧಾರಗಳು ಮುಂದೂಡಲ್ಪಡುತ್ತವೆ. ಇಂತಹ ಯೋಜನೆಯನ್ನು ಬಿಡುವುದಾದರೆ ಕೂಡಲೇ ಬಿಡಬೇಕು, ಊರಿಗೆ ಖುದ್ದಾಗಿ ಹೋಗಿ ಹೇಳಬೇಕು, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕರಾರು ರದ್ದುಪಡಿಸಿ ಮೂಲ ಪತ್ರಗಳನ್ನು ಅವರ ಕೈಗೇ ಕೊಡಬೇಕು. ಮಧ್ಯವರ್ತಿಯ ಮೂಲಕ ಸುದ್ದಿ ಕಳಿಸಿ ಫೋನ್ ಎತ್ತದಿರುವವರನ್ನು ನಾನು ಕಂಡಿದ್ದೇನೆ. ಅವರ ನಂತರ ಆ ಊರಿಗೆ ಒಳ್ಳೆಯ ಯೋಜನೆ ತಂದವನ ಮಾತನ್ನೂ ಯಾರೂ ನಂಬುವುದಿಲ್ಲ.

ಎಲ್ಲಿಂದ ಆರಂಭಿಸಬೇಕು ಎಂದೂ ಕೇಳಿದ್ದೀಯ. ಸ್ವಂತ ಕಂಪನಿಯ ಯೋಚನೆ ಈಗಲೇ ಬೇಡ. ಯೋಜನೆ ಕೈಗೂಡುವವರೆಗೆ ಆದಾಯವಿಲ್ಲ, ಮನೆಯ ಕಂತು ಕಾಯುವುದಿಲ್ಲ. ಯಾವುದಾದರೂ ಮಧ್ಯಮ ಗಾತ್ರದ ಸಂಸ್ಥೆಯಲ್ಲಿ ಸಂಬಳಕ್ಕೆ ಸೇರು, ಆದರೆ ವಿನ್ಯಾಸ ವಿಭಾಗಕ್ಕೆ ಬೇಡ, ಭೂಮಿ ಮತ್ತು ಅನುಮತಿಗಳ ವಿಭಾಗಕ್ಕೆ ಕೇಳಿಕೋ. ಸಂಬಳ ಸ್ವಲ್ಪ ಕಡಿಮೆಯಾದರೂ ಒಪ್ಪಿಕೋ. ತಾಲ್ಲೂಕು ಕಚೇರಿಯ ಸರ್ವೆಯರ್ ಜೊತೆ ಹೊಲದಲ್ಲಿ ನಿಂತು 11ಇ ನಕ್ಷೆ (ಜಮೀನಿನ ಭಾಗವನ್ನು ಪರಭಾರೆ ಮಾಡುವ ಮುನ್ನ ಅಳೆದು ಮಾಡುವ ನಕ್ಷೆ) ಓದುವುದನ್ನು ಕಲಿತವನಿಗೆ ವಿನ್ಯಾಸ ಮೊದಲೇ ಗೊತ್ತಿದ್ದರೆ ಅವನಂಥವರು ಈ ಕ್ಷೇತ್ರದಲ್ಲಿ ವಿರಳ. ಗಾಳಿ ಮತ್ತು ಸೌರವನ್ನು ಒಂದೇ ಸಂಪರ್ಕದಲ್ಲಿ ಜೋಡಿಸುವ ಹೈಬ್ರಿಡ್ ಯೋಜನೆಗಳಿಗೆ ನಮ್ಮಲ್ಲಿ ಅವಕಾಶ ಚೆನ್ನಾಗಿದೆ, ಏಕೆಂದರೆ ಮುಂಗಾರಿನಲ್ಲಿ ಮೋಡ ಕವಿದು ಬಿಸಿಲು ತಗ್ಗಿದಾಗಲೇ ಚಿತ್ರದುರ್ಗ, ಗದಗದ ಕಡೆ ಗಾಳಿ ಬಿರುಸಾಗುತ್ತದೆ. ಚಿಕ್ಕದರಿಂದ ಕಲಿಯಬೇಕೆಂದರೆ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ‘ಸಿ’ ವಿಭಾಗ ನೋಡು. ಊರಿನ ಸಬ್‌ಸ್ಟೇಷನ್ ಪಕ್ಕದಲ್ಲೇ ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆಯಲ್ಲಿ ಘಟಕ ಹಾಕಿ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲೇ ವಿದ್ಯುತ್ ಕೊಡುವ ಕೆಲಸ ಅದು. ರಾತ್ರಿ ಹೊತ್ತು ನೀರು ಕಟ್ಟಲು ಹೋಗಿ ಹಾವು ತುಳಿಯುವ ಭಯ ಇಲ್ಲವಾಗುತ್ತದೆ ಎಂದು ರೈತರು ಹೇಳುವುದನ್ನು ಕೇಳಿದರೆ ನಮ್ಮ ಕೆಲಸ ಯಾರಿಗಾಗಿ ಎಂಬುದು ತಿಳಿಯುತ್ತದೆ.

ಸಂದರ್ಶನಕ್ಕೆ ಹೋದಾಗ ಅವರು ಎಷ್ಟು ಮೆಗಾವ್ಯಾಟ್ ಕಟ್ಟಿದ್ದಾರೆ ಎಂದು ಕೇಳುವ ಅಗತ್ಯವಿಲ್ಲ, ಅದನ್ನು ಅವರೇ ಹೇಳುತ್ತಾರೆ. ಕಳೆದ ಮೂರು ವರ್ಷಗಳಲ್ಲಿ ಕೈಬಿಟ್ಟ ಯೋಜನೆಗಳು ಯಾವುವು, ಅಲ್ಲಿನ ರೈತರ ಕರಾರುಗಳನ್ನು ರದ್ದುಪಡಿಸಿ ಪತ್ರಗಳನ್ನು ಹಿಂದಿರುಗಿಸಿದ್ದಾರೆಯೇ ಎಂದು ಕೇಳು. ತಡವರಿಸದೆ ಉತ್ತರ ಕೊಟ್ಟವರ ಬಳಿ ಕೆಲಸಕ್ಕೆ ಸೇರು. ಅವರ ಉತ್ತರ ಏನೆಂದು ನನಗೂ ಬರೆದು ತಿಳಿಸು.

ನಿನ್ನ ಪ್ರೀತಿಯ
ಗೆಳೆಯ