‘ಎಂಡ್ಯೂರ್’ ಎಂದರೆ ಬರೀ ಸಹಿಸುವುದಲ್ಲ, ತಾಳುವುದು

ಮಾನ್ಯ ಸಂಪಾದಕರೇ,

‘ಎಂಡ್ಯೂರ್’ ಎಂಬ ಇಂಗ್ಲಿಷ್ ಪದಕ್ಕೆ ಮಕ್ಕಳ ಗೈಡುಗಳಲ್ಲಿ, ಪತ್ರಿಕೆಗಳ ‘ದಿನಕ್ಕೊಂದು ಪದ’ದಂಥ ಅಂಕಣಗಳಲ್ಲಿ ‘ಸಹಿಸು, ಅನುಭವಿಸು’ ಎಂದಷ್ಟೇ ಅರ್ಥ ಕೊಟ್ಟು ಕೈಬಿಡುವುದು ವಾಡಿಕೆಯಾಗಿದೆ. ಅದು ಅರ್ಧ ಅರ್ಥ. ‘ದಿ ಟೆಂಪಲ್ಸ್ ಆಫ್ ಆವಣಿ ಹ್ಯಾವ್ ಎಂಡ್ಯೂರ್ಡ್ ಫಾರ್ ಎ ಥೌಸಂಡ್ ಇಯರ್ಸ್’ ಎಂಬ ವಾಕ್ಯ ಕೊಟ್ಟರೆ ಮಗು ‘ಆವಣಿಯ ಗುಡಿಗಳು ಸಾವಿರ ವರ್ಷ ಸಹಿಸಿಕೊಂಡಿವೆ’ ಎಂದು ಬರೆಯುತ್ತದೆ. ಏನನ್ನು ಸಹಿಸಿಕೊಂಡವು? ನೊಳಂಬ ಅರಸರ ಕಾಲದ ಗುಡಿಗಳು ಇಂದಿಗೂ ಉಳಿದಿವೆ ಎಂಬುದು ಅಲ್ಲಿನ ಮಾತು.

ಗುರುತು ಹಿಡಿಯುವುದು ಕಷ್ಟವಲ್ಲ. ಕ್ರಿಯಾಪದಕ್ಕೆ ಕರ್ಮವಿದ್ದರೆ, ಅಂದರೆ ನೋವನ್ನು, ಬಿಸಿಲನ್ನು, ನಷ್ಟವನ್ನು ಎಂಬಂತೆ ಏನಾದರೂ ಇದ್ದರೆ ‘ಸಹಿಸು’. ಕರ್ಮವಿಲ್ಲದಿದ್ದರೆ ‘ಉಳಿ’, ‘ಬಾಳು’. ‘ಫಾರ್’ ಜೊತೆ ಬರುವ ಕಾಲಾವಧಿ ಕರ್ಮವಲ್ಲ; ಮಕ್ಕಳು ಎಡವುವುದು ಇಲ್ಲೇ. ‘ಎಂಡ್ಯೂರಿಂಗ್ ಫ್ರೆಂಡ್‌ಶಿಪ್’ ಎಂದರೂ ಸಹಿಸಿಕೊಂಡು ಹೋಗುವ ಸ್ನೇಹವಲ್ಲ, ಬಹುಕಾಲ ಬಾಳುವ ಸ್ನೇಹ.

ಪದದ ಬೇರು ನೋಡಿದರೆ ಎರಡು ಅರ್ಥಗಳ ನಂಟು ತಿಳಿಯುತ್ತದೆ. ಲ್ಯಾಟಿನ್‌ನಲ್ಲಿ ‘ದೂರುಸ್’ ಎಂದರೆ ಗಟ್ಟಿ, ‘ಇಂದೂರಾರೆ’ ಎಂದರೆ ಗಟ್ಟಿ ಮಾಡು. ಹಳೆಯ ಫ್ರೆಂಚ್ ದಾಟಿ 14ನೇ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂತು. ‘ಡ್ಯೂರಬಲ್’, ‘ಡ್ಯೂರೇಶನ್’, ದಿನವೂ ಬಳಸುವ ‘ಡ್ಯೂರಿಂಗ್’ ಎಲ್ಲವೂ ಇದೇ ಬಳಗ. ನಮ್ಮ ‘ದೇವದಾರು’ವಿನ ‘ದಾರು’ (ಮರ) ಕೂಡ ದೂರದ ನೆಂಟ ಎಂಬುದು ಅನೇಕ ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಲ್ಯಾಟಿನ್ ಅರ್ಥ ಆಸ್ಪತ್ರೆಯಲ್ಲಿ ಇನ್ನೂ ಹಾಗೇ ಇದೆ. ಕ್ಷಯರೋಗದ ಮ್ಯಾಂಟೂ ಪರೀಕ್ಷೆಯಲ್ಲಿ ಮುಂಗೈ ಚರ್ಮಕ್ಕೆ ಚುಚ್ಚಿ, 48ರಿಂದ 72 ಗಂಟೆಯ ಬಳಿಕ ಅಳತೆ ತೆಗೆಯುತ್ತಾರೆ. ಅಳೆಯುವುದು ಕೆಂಪಾದ ಜಾಗವನ್ನಲ್ಲ, ಬೆರಳಿಗೆ ಗಟ್ಟಿಯಾಗಿ ಸಿಗುವ ಜಾಗವನ್ನು. ಆ ಗಟ್ಟಿತನದ ಹೆಸರು ‘ಇಂಡ್ಯುರೇಶನ್’.

ಕೋಲಾರದ ಮಕ್ಕಳಿಗೆ ಇದನ್ನು ರಾಗಿಯಿಂದಲೇ ಹೇಳಿಕೊಡಬಹುದು. ಖುಷ್ಕಿ ಹೊಲಕ್ಕೆ ಬಿತ್ತುವ ಮುನ್ನ ಬೀಜ ಗಡಸು ಮಾಡುವ ಪದ್ಧತಿಯಿದೆ. ಒಂದು ಕೆ.ಜಿ. ಬೀಜವನ್ನು ಒಂದು ಲೀಟರ್ ನೀರಿನಲ್ಲಿ 6 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಬೇಕು. ಮೊಳಕೆ ಇನ್ನೇನು ಕಣ್ಣು ಬಿಡಬೇಕು ಎನ್ನುವಾಗ ಬಿಚ್ಚಿ, ನೆರಳಿನಲ್ಲಿ ಒಣಬಟ್ಟೆಯ ಮೇಲೆ ಎರಡು ದಿನ ಹರವಬೇಕು. ತಡವಾಗಿ ಬಿಚ್ಚಿದರೆ ಉದ್ದ ಬಂದ ಮೊಳಕೆ ಒಣಗಿ ಸಾಯುತ್ತದೆ, ಇಲ್ಲವೇ ಕೂರಿಗೆಯಲ್ಲಿ ಮುರಿಯುತ್ತದೆ. ಸರಿಯಾಗಿ ಮಾಡಿದ ಬೀಜ, ಬಿತ್ತಿದ ಮೇಲೆ ಮಳೆ ಕೈಕೊಟ್ಟರೂ ಸ್ವಲ್ಪ ದಿನ ತಡೆಯುತ್ತದೆ. ಗಡಸಾಯಿತು, ಅದಕ್ಕೇ ಉಳಿಯಿತು: ‘ಎಂಡ್ಯೂರ್’ನ ಎರಡೂ ಅರ್ಥ ಒಂದೇ ಕಾಳಿನಲ್ಲಿದೆ. ‘ಅನುಭವಿಸು’ ಎಂಬ ಪದದಲ್ಲಿ ಈ ಗಟ್ಟಿತನದ ಸುಳಿವೇ ಇಲ್ಲ.

ನಮ್ಮಲ್ಲಿ ಇದಕ್ಕೆ ಒಪ್ಪುವ ಪದ ‘ತಾಳು’. ‘ನೋವು ತಾಳಲಾರೆ’ ಎನ್ನುತ್ತೇವೆ, ‘ಈ ಚಪ್ಪಲಿ ಎರಡು ಮಳೆಗಾಲ ತಾಳುತ್ತೆ’ ಎಂದೂ ಎನ್ನುತ್ತೇವೆ. ಮೊದಲಿನದರಿಂದ ತಾಳ್ಮೆ, ಎರಡನೆಯದರಿಂದ ತಾಳಿಕೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯಲ್ಲಿ ಇವೆರಡೂ ಜೊತೆಗೂಡಿವೆ. ಇಷ್ಟು ಹತ್ತಿರದ ಪದ ಮನೆಯಲ್ಲೇ ಇರುವಾಗ ‘ಸಹಿಷ್ಣುತೆ’ಯಂಥ ಭಾರದ ಪದವನ್ನು ಆರನೇ ತರಗತಿಯ ಮಗುವಿನ ಮೇಲೆ ಹೇರುವುದು ಬೇಡ.

ಅಂಕಣ ಸಿದ್ಧಪಡಿಸುವವರಲ್ಲಿ ನಮ್ಮ ಕೋರಿಕೆ ಇಷ್ಟೇ: ‘ಎಂಡ್ಯೂರ್’ ಎದುರು ಮೊದಲು ‘ತಾಳು’ ಎಂದು ಹಾಕಿ, ಕೆಳಗೆ ಎರಡು ವಾಕ್ಯ ಕೊಡಿ, ಕರ್ಮವಿರುವುದು ಒಂದು, ಇಲ್ಲದ್ದು ಒಂದು.

— ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರು, ಮುಳಬಾಗಿಲು, ಕೋಲಾರ ಜಿಲ್ಲೆ